ಹುಸೇನಬಿ ಹಿಡಿದ ಹಗ್ಗ

ಬೆಳಗಾವಿಯಿಂದ ರಾಮದುರ್ಗಕ್ಕೆ ಹೋಗುವ ಬಸ್ಸು ಯರಗಟ್ಟಿಯಲ್ಲಿ ಚಹಾಕ್ಕೆಂದು ಹತ್ತು ನಿಮಿಷ ನಿಲ್ಲುತ್ತದೆ. ತವರಿಗೆ ಹೋಗುವಾಗಲೆಲ್ಲ ಆ ಹತ್ತು ನಿಮಿಷ ನಾನು ಕಿಟಕಿಯ ಗಾಜು ಮುಚ್ಚಿ, ಸೆರಗನ್ನು ಮುಖದ ಮೇಲೆಳೆದುಕೊಂಡು, ನಿದ್ದೆ ಬಂದವಳ ಹಾಗೆ ಕೂತಿರುತ್ತಿದ್ದೆ. ಹನ್ನೆರಡು ವರ್ಷ ಹಾಗೇ ಮಾಡಿದ್ದೇನೆ. ನನ್ನನ್ನು ಕಂಡರೆ ಮುಖ ತಿರುಗಿಸುವ ಒಬ್ಬ ಹಿರಿಯರು ಆ ಊರಲ್ಲಿದ್ದರು. ಆ ಮುಖ ತಿರುಗುವುದನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದ ಕಿಟಕಿಯ ಗಾಜು ಜಾಮಾಗಿತ್ತು. ಎರಡೂ ಕೈಯಿಂದ ಎಳೆದೆ, ಬರಲಿಲ್ಲ. ಅಷ್ಟರಲ್ಲಿ ವಾಸನೆ ಒಳಗೆ ಬಂತು. ಆಗಷ್ಟೇ ಕಡಿದ ಹಸಿ ಬೇವಿನ ವಾಸನೆ. ಬರೀ ಎಲೆಯದಲ್ಲ, ತೊಗಟೆ ಹರಿದು ಒಳಗಿನ ಕಟ್ಟಿಗೆ ಗಾಳಿಗೆ ಬಿದ್ದಾಗ ಬರುತ್ತದಲ್ಲ, ಗಂಟಲಿನಲ್ಲೇ ಕಹಿಯಾಗುವಂಥದ್ದು, ಅದು. ತಲೆ ಹೊರಗೆ ಹಾಕಿ ನೋಡಿದೆ. ರಸ್ತೆ ಬದಿಗೆ ಒಂದು ಬುಟ್ಟಿ ಗಾಡಿ ನಿಂತಿತ್ತು. ಲಾರಿಯ ಬೆನ್ನಿನಿಂದ ಕಬ್ಬಿಣದ ಉದ್ದ ತೋಳು ಮೇಲೆದ್ದು, ಅದರ ತುದಿಯ ಬುಟ್ಟಿಯಲ್ಲಿ ಹಳದಿ ಟೊಪ್ಪಿಗೆ ಹಾಕಿಕೊಂಡ ಕೆಲಸಗಾರನೊಬ್ಬ ಮಷಿನ್ ಗರಗಸ ಹಿಡಿದು ಟೊಂಗೆಗಳನ್ನು ಸವತೆಕಾಯಿಯಂತೆ ಹೆಚ್ಚುತ್ತಿದ್ದ. ಕೆಳಗೆ ನಿಂತವನು ಮೊಬೈಲಿನಲ್ಲಿ ನಗುತ್ತ ಮಾತಾಡುತ್ತಿದ್ದ. ಮೇಲಿನವನ ಕಡೆ ನೋಡುವ ಅಗತ್ಯವೇ ಅವನಿಗಿರಲಿಲ್ಲ. ನನಗೆ ಯಾಕೋ ವಿಪರೀತ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ವಿಚಾರ ಮಾಡುವುದಿಲ್ಲ, ಅದು ನನ್ನ ಹಳೆಯ ರೋಗ. ಚೀಲ ಹೆಗಲಿಗೇರಿಸಿ ಇಳಿದುಬಿಟ್ಟೆ.

"ಬಾಯಾರ, ಬಸ್ ಬಿಡತೇವಿ ನೋಡ್ರಿ" ಎಂದು ಕಂಡಕ್ಟರ್ ಕೂಗಿದ.

ಬಿಡಪ್ಪಾ, ಎಂದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಯರಗಟ್ಟಿಗೆ ಕರೆಂಟ್ ಆಫೀಸಿನ ಸೆಕ್ಷನ್ ಆಫೀಸರ್ ಆಗಿ ಬಂದಾಗ. ಇಪ್ಪತ್ತಾರರ ವಯಸ್ಸು, ಮೊದಲ ನೌಕರಿ. ಆಫೀಸೆಂದರೆ ತಗಡಿನ ಸೂರಿನ ಒಂದೇ ಖೋಲಿ, ಹಿಂದೆ ಸುಟ್ಟ ಟ್ರಾನ್ಸ್‌ಫಾರ್ಮರುಗಳ ರಾಶಿ. ಹೆಣ್ಣುಮಗಳೊಬ್ಬಳು ಲೈನ್‌ಮನ್‌ಗಳ ಮೇಲೆ ಸಾಹೇಬಳಾಗಿ ಬಂದಿದ್ದಾಳೆ ಎಂಬ ಸೋಜಿಗ ನೋಡಲಿಕ್ಕೆಂದೇ ಮೊದಲ ವಾರವೆಲ್ಲ ಜನ ಏನಾದರೊಂದು ನೆಪ ಹೂಡಿಕೊಂಡು ಬರುತ್ತಿದ್ದರು. ಸಾಹೇಬರೆನ್ನಲು ನಾಲಿಗೆ ಹೊರಳಲಿಲ್ಲ, ಮೇಡಮ್ ಎನ್ನಲು ನಾಚಿಕೆ. ಕಡೆಗೆ ನಮ್ಮ ಕಡೆ ಸಾಲಿ ಟೀಚರಮ್ಮಗಳಿಗೆ ಹೇಳುವ ಹಾಗೆ "ಬಾಯಾರು" ಎಂದು ಮಾಡಿಬಿಟ್ಟರು.

ಮುಂಗಾರು ಬೀಳುವ ಮುಂಚೆ ತಂತಿಗೆ ತಾಗುವ ಟೊಂಗೆಗಳನ್ನೆಲ್ಲ ತೆಗೆಸಬೇಕು. ಇಲ್ಲದಿದ್ದರೆ ಮೊದಲ ಗಾಳಿಗೇ ಮುನವಳ್ಳಿಯ ತನಕ ಕತ್ತಲೆ, ಮರುದಿನ ನನಗೆ ಮೇಲಿನವರಿಂದ ಪೂಜೆ. ಮರ ಹತ್ತಿರೆಂದರೆ ನಮ್ಮ ಲೈನ್‌ಮನ್‌ಗಳು ಹಿಂದೆ ಸರಿದರು. ಅವರಲ್ಲಿ ಹಿರಿಯ ಬಸಪ್ಪ ನಿರ್ಭಿಡೆಯಿಂದ ಹೇಳಿದ:

"ಕಂಬ ಅಂದ್ರ ಅಳ್ಳಾಡೂದಿಲ್ರಿ. ಗಿಡ ಅಳ್ಳಾಡತೈತಿ. ನಮ್ಮ ಕೈಲೆ ಆಗೂದಲ್ಲ. ದಾವಲಸಾಬ್ರನ್ನ ಕರಸೂಣು. ಗಂಡ ಹೇಂತಿ ಇಬ್ರೂ ಬರತಾರ."

"ಹೇಂತಿ ಯಾಕೋ?"

"ನೀವ ನೋಡೀರಂತ ಬಿಡ್ರಿ."

ಮರುದಿನ ಬೆಳಿಗ್ಗೆ ಇಬ್ಬರೂ ಬಂದರು. ದಾವಲಸಾಬರಿಗೆ ಆಗ ಐವತ್ತು ದಾಟಿತ್ತು. ಒಣಕಲು ಮೈ, ಬಿಳಿ ಗಡ್ಡ, ಅಂಗಾಲು ಮಾತ್ರ ಮೈಗಿಂತ ದೊಡ್ಡದು. ಹುಸೇನಬಿ ಕುಳ್ಳಗೆ, ದುಂಡಗೆ, ಬಾಯಿ ತುಂಬ ಎಲೆಯಡಿಕೆ. ಆಕೆಯ ಹೆಗಲ ಮೇಲೆ ಹಗ್ಗದ ಸಿಂಬಿ. ಪುಂಡಿ ನಾರಿನಿಂದ ಮನೆಯಲ್ಲೇ ಇಬ್ಬರೂ ಕೂಡಿ ಹೊಸೆದ ಹಗ್ಗ, ಪ್ರತಿ ವರ್ಷ ಹೊಸದು.

ಅವರ ಕೆಲಸದ ರೀತಿ ನೋಡಿ ನಾನು ಮೊದಲ ದಿನವೇ ಮರುಳಾದೆ. ದಾವಲಸಾಬರು ಮರದ ಬುಡಕ್ಕೆ ಬಂದು ಚಪ್ಪಲಿ ಬಿಡುತ್ತಿದ್ದರು. ಹುಸೇನಬಿ ಅವುಗಳನ್ನು ತಿರುಗಿಸಿ, ಮೂತಿ ರಸ್ತೆಯ ಕಡೆಗಿರುವಂತೆ ಜೋಡಿಸಿಡುತ್ತಿದ್ದಳು. ಇಳಿದು ಬಂದು ಮನೆಯ ಕಡೆಗೆ ಮೆಟ್ಟಿಕೊಂಡು ಹೋಗಬೇಕಲ್ಲ, ಅದಕ್ಕೆ. ಹಗ್ಗದ ಒಂದು ತುದಿ ಅವರ ಸೊಂಟಕ್ಕೆ. ಮೇಲೆ ಹೋಗಿ ಗಟ್ಟಿ ಕವಲೊಂದರ ಮೇಲಿಂದ ಹಾಯಿಸಿದರೆ ಇನ್ನೊಂದು ತುದಿ ಕೆಳಗೆ ಹುಸೇನಬಿಗೆ. ಆಕೆ ಅದನ್ನು ತನ್ನ ನಡುವಿನ ಹಿಂದಿನಿಂದ ತಂದು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬಿಸಿಲಿಗೆ ಹುಬ್ಬಿನ ಮೇಲಿಟ್ಟುಕೊಂಡು, ಮೇಲೆ ನೋಡುತ್ತ ನಿಲ್ಲುತ್ತಿದ್ದಳು. ಕಡಿದ ಟೊಂಗೆ ಇಳಿಸುವ ಹಗ್ಗವನ್ನು ನಮ್ಮವರು ಯಾರಾದರೂ ಹಿಡಿಯಬಹುದಿತ್ತು. ಈ ಹಗ್ಗ ಮಾತ್ರ ಬೇರೆ ಯಾರ ಕೈಗೂ ಇಲ್ಲ.

ಮೇಲಿದ್ದವರ ಜೊತೆ ಯಾರೂ ಕೂಗಿ ಮಾತಾಡುವಂತಿಲ್ಲ. ಹೆಸರು ಹಿಡಿದು ಕರೆಯುವುದಂತೂ ಸುತರಾಂ ಕೂಡದು. "ಹೆಸರ ಕೇಳಿದ ಕೂಡ್ಲೆ ಮನಶ್ಯಾ ಕೆಳಗ ನೋಡತಾನ್ರಿ ಬಾಯಾರ. ಕೆಳಗ ನೋಡಿದಾಂವ ಕೆಳಗ ಬರತಾನ" ಎಂದು ದಾವಲಸಾಬರು ಮೊದಲ ದಿನವೇ ನನಗೆ ತಾಕೀತು ಮಾಡಿದ್ದರು. ಹುಸೇನಬಿಗೆ ಆ ಕಷ್ಟವೇ ಇರಲಿಲ್ಲ, ಗಂಡನ ಹೆಸರನ್ನು ಆಕೆ ಹುಟ್ಟಾ ಬಾಯಿಂದ ತೆಗೆದವಳಲ್ಲ. ಮಾತೆಲ್ಲ ಹಗ್ಗದ್ದು. ಒಮ್ಮೆ ಜಗ್ಗಿದರೆ ನಿಲ್ಲು. ಎರಡು ಸಲ ಜಗ್ಗಿದರೆ ಸಡಿಲು ಬಿಡು. ಮೂರು ಸಲ ಜಗ್ಗಿದರೆ ಇಳಿದು ಬಾ. ಅಷ್ಟೇ ಮೂರು ಮಾತಿನಲ್ಲಿ ಇಡೀ ದಿನದ ಸಂಸಾರ ನಡೆಯುತ್ತಿತ್ತು. ಅಷ್ಟು ಕಡಿಮೆ ಮಾತಾಡಿ ಅಷ್ಟು ಚೆನ್ನಾಗಿ ಬಾಳುವ ಗಂಡ ಹೆಂಡಿರನ್ನು ನಾನು ಅದರ ಮುಂಚೆ ಕಂಡಿರಲಿಲ್ಲ, ಆಮೇಲೆ ನನ್ನ ಮನೆಯಲ್ಲೂ ಕಂಡಿಲ್ಲ.

ದಾವಲಸಾಬರು ಮೇಲೇರಿದ ಕೂಡಲೇ ಕೊಡಲಿ ಎತ್ತುತ್ತಿರಲಿಲ್ಲ. ಅದರ ಹಿಂಬದಿಯಿಂದ ಟೊಂಗೆಯನ್ನು ಬಡಿದು ಕಿವಿಗೊಡುತ್ತಿದ್ದರು. ಗಟ್ಟಿಯೋ ಪೊಳ್ಳೋ ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಕಡಿಯುವಾಗ ಮೊದಲ ಏಟು ಕೆಳಗಿನಿಂದ. ಮೇಲಿನಿಂದ ಶುರು ಮಾಡಿದರೆ ಟೊಂಗೆ ಬೀಳುವಾಗ ತೊಗಟೆಯನ್ನು ಕಾಂಡದ ಉದ್ದಕ್ಕೂ ಸುಲಿದುಕೊಂಡು ಬರುತ್ತದೆ. ಟೊಂಗೆ ಹುಟ್ಟುವಲ್ಲಿ ಉಬ್ಬಿದ ಸುರುಳಿಯೊಂದಿರುತ್ತದೆ. ಅದನ್ನು ಮುಟ್ಟದೆ, ಮೊಂಡು ಬಿಡದೆ, ಸರಿಯಾಗಿ ಅದರ ಅಂಚಿಗೇ ಕಡಿಯಬೇಕು. ಕೆಲಸ ಮುಗಿದ ಮೇಲೆ ನಾನು ಕೇಳಿದೆ, ತಂತಿಗೆ ತಾಗದಿದ್ದರೆ ಆಯಿತಲ್ಲ, ಇಷ್ಟು ನಾಜೂಕು ಯಾಕೆ ಎಂದು.

"ನಿಮ್ಮ ತಂತಿ ಸಲುವಾಗಿ ಕಡಿಯೂದು ಖರೇ. ಗಿಡದ ಗಾಯನೂ ಮಾಯಬೇಕಲ್ರಿ?" ಎಂದರು. ಎಂಜಿನಿಯರಿಂಗ್ ಓದಿ ಬಂದ ನನಗೆ ಗಾಯ ಮಾಯುವ ವಿಷಯ ಯಾರೂ ಕಲಿಸಿರಲಿಲ್ಲ.

ಹೋಳಿ ಹುಣ್ಣಿಮೆಯಿಂದ ಬಸವ ಜಯಂತಿಯವರೆಗೆ ಆ ಕೆಲಸ ನಡೆಯಿತು. ಬೆಳಿಗ್ಗೆ ಲೈನ್ ಬಂದ್ ಮಾಡಿಸಿ ನಾನೂ ಅವರ ಜೊತೆ ಹೊರಡುತ್ತಿದ್ದೆ. ನಿಜವಾಗಿ ನಾನು ಹೋಗಬೇಕಾದದ್ದೇನೂ ಇರಲಿಲ್ಲ, ಬಸಪ್ಪ ಸಾಕಾಗುತ್ತಿದ್ದ. ಆದರೆ ಆ ಖೋಲಿಯಲ್ಲಿ ಒಬ್ಬಳೇ ಕೂತು ಏನು ಮಾಡಲಿ? ಮಧ್ಯಾಹ್ನ ಮರದ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಹುಸೇನಬಿಯ ಕಟಕ ರೊಟ್ಟಿ, ಕೆಂಪು ಖಾರ, ನಾನು ತಂದ ಮೊಸರು. ಆಕೆ ನನ್ನ ಮದುವೆಯ ಚಿಂತೆ ತಲೆಗೆ ಹಚ್ಚಿಕೊಂಡಿದ್ದಳು. "ನಿಮ್ಮ ಲಗ್ನದ ಹಂದರಕ್ಕ ಹಸರ ಎಲಿ ತಪ್ಪಲಾ ನಮ್ಮವ್ರ ತರಬೇಕ ನೋಡ್ರಿ. ಅಟ್ಟರ ಒಳಗ ಯಾರನ್ನರ ಹೂಂ ಅನ್ರಿ" ಎಂದು ಕಾಡುತ್ತಿದ್ದಳು. ದಾವಲಸಾಬರು ರೊಟ್ಟಿ ಅಗಿಯುತ್ತ ಮೀಸೆಯಲ್ಲೇ ನಗುತ್ತಿದ್ದರು.

ಒಂದು ದಿನ ನಾನು ಹಟ ಹಿಡಿದೆ, ನಾನೂ ಹತ್ತುತ್ತೇನೆ ಎಂದು. ಬಸಪ್ಪ ಬೇಡವೇ ಬೇಡ ಎಂದು ಕೈ ಮುಗಿದ. ಹುಸೇನಬಿ ನನ್ನ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿದಳು. ದಾವಲಸಾಬರು ಮುಂದೆ ಹತ್ತಿ, ಎಲ್ಲಿ ಕಾಲಿಡಬೇಕೆಂದು ತೋರಿಸಿದರು. ಮೊದಲ ಕವಲಿನವರೆಗೆ ಹೋದೆ, ಎರಡಾಳಿನ ಎತ್ತರ ಇದ್ದೀತು, ಅಷ್ಟಕ್ಕೇ ಕಾಲು ಗಡಗಡ ಎಂದವು. ಆಗ ಸೊಂಟದ ಹಗ್ಗ ಸ್ವಲ್ಪವೇ ಬಿಗಿಯಾಯಿತು. ಎಳೆದದ್ದಲ್ಲ, ನಾನಿದ್ದೇನೆ ಎಂದದ್ದು. ಕೆಳಗೆ ನೋಡದೆಯೇ ಆಕೆ ಎಲ್ಲಿ, ಹೇಗೆ ನಿಂತಿದ್ದಾಳೆಂದು ನನಗೆ ಗೊತ್ತಾಯಿತು. ಎಲೆಗಳ ನಡುವೆ ಕೂತು ಬೇವಿನ ಹೂವಿನ ಗಾಳಿ ಕುಡಿಯುತ್ತ, ನನ್ನ ಭಾರ ಇನ್ನೊಬ್ಬಳ ಕೈಯಲ್ಲಿದೆ ಎಂದು ನಿಶ್ಚಿಂತಳಾಗಿ ಕೂತ ಆ ಗಳಿಗೆಯನ್ನು ನಾನು ಆಮೇಲೆ ಎಷ್ಟು ಸಲ ಹಂಬಲಿಸಿದ್ದೇನೋ. ದೊಡ್ಡ ಆಫೀಸು, ದೊಡ್ಡ ಖುರ್ಚಿ ಎಲ್ಲ ಬಂದವು. ಹಾಗೆ ಹಿಡಿದವರು ಮತ್ತೆ ಯಾರೂ ಸಿಗಲಿಲ್ಲ.

ಬಿಸಿಲು ಏರುತ್ತ ಹೋದಂತೆ ಒಂದು ಸಣ್ಣ ಬದಲಾವಣೆ ನನ್ನ ಕಣ್ಣಿಗೆ ಬಿತ್ತು. ಹುಸೇನಬಿ ಹುಬ್ಬಿನ ಮೇಲೆ ಕೈಯಿಟ್ಟು ಮೇಲೆ ನೋಡುವುದನ್ನು ಬಿಟ್ಟಿದ್ದಳು. ಸೆರಗನ್ನು ಹಣೆಯ ತನಕ ಎಳೆದುಕೊಂಡು ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದಳು. ಬಿಸಿಲಿನ ಝಳ ಎಂದುಕೊಂಡು ಸುಮ್ಮನಾದೆ.

ಒಂದು ಶುಕ್ರವಾರ ದಾವಲಸಾಬರು ನಮಾಜಿಗೆ ಹೋಗಿದ್ದಾಗ ಆಕೆ ನನ್ನ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತಳು. ಅವತ್ತು ಬಾಯಲ್ಲಿ ಎಲೆಯಡಿಕೆ ಇರಲಿಲ್ಲ.

"ಬಾಯಾರ, ಬೆಳಗಾಂವದಾಗ ಬುಟ್ಟಿ ಗಾಡಿ ಅಂತ ಬಂದೈತಂತಲ್ರಿ. ಮನಶ್ಯಾನ್ನ ಕುಂದರಿಸಿಕೊಂಡ ಮ್ಯಾಲ ಒಯ್ಯತೈತಂತ. ಅದನ್ನ ತರಸ್ರಿ."

"ಯಾಕ್ರಿ ಹುಸೇನಬಿ? ಅದು ಬಂದ್ರ ನಿಮ್ಮ ಕೆಲಸ ಹೋಗತೈತಿ."

"ಹೋಗ್ಲಿ." ಆಕೆ ಹಗ್ಗದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. "ಅವ್ರ ಕೈ ನಡಗಾಕ ಹತ್ತ್ಯಾವ್ರಿ. ನೋಡಿದ್ರ ಯಾರಿಗೂ ಕಾಣೂದಿಲ್ಲ. ಹಗ್ಗದಾಗ ನನಗ ಬರತೈತಿ. ಮೊದಲ ಸಂಜಿಕ ಅಟ್ಟ ಬರತಿತ್ತು, ಈಗ ಬೆಳಿಗ್ಗೆನ ಬರತೈತಿ."

"ನೀವ ಹೇಳಬಾರದೇನ್ರಿ, ಇನ್ನ ಹತ್ತಬ್ಯಾಡ್ರಿ ಅಂತ?"

"ಹೆಂಗ ಹೇಳ್ಲಿ? ಮೂವತ್ತ ವರ್ಷ ಹಗ್ಗ ಹಿಡದಾಕಿ ನಾ. ನನ್ನ ಬಾಯಿಲೆ ನಿಮ್ಮ ಕೈ ನಡಗತಾವ ಅಂದ್ನಿ ಅಂದ್ರ, ಗಿಡ ಹೋಗ್ಲಿ, ಅವ್ರು ನೆಲದ ಮ್ಯಾಲೂ ಗಟ್ಟಿ ನಿಂದರೂದಿಲ್ರಿ. ನೀವ ಸರಕಾರದ ಮಂದಿ. ಆರ್ಡರ್ ಬಂದೈತಿ ಅನ್ರಿ. ನನ್ನ ಹೆಸರ ಎತ್ತಬ್ಯಾಡ್ರಿ. ಕಸಮ್ ಹಾಕ್ರಿ."

ಹಗ್ಗ ಮುಟ್ಟಿ ಆಣೆ ಮಾಡಿದೆ. ಅವತ್ತೇ ಪತ್ರ ಬರೆದೆ. ನಾನು ಬರೆದ ಪತ್ರಗಳಿಗೆಲ್ಲ ಉತ್ತರ ಬರಲು ವರ್ಷ ಹಿಡಿಯುತ್ತಿದ್ದ ಆ ಕಾಲದಲ್ಲಿ ಅದೊಂದಕ್ಕೆ ಮಾತ್ರ ಹತ್ತೇ ದಿನಕ್ಕೆ ಬುಟ್ಟಿ ಗಾಡಿಯೇ ಬಂದುಬಿಟ್ಟಿತು.

ದಾವಲಸಾಬರಿಗೆ ಸುದ್ದಿ ಹೇಳಿದ ಬೆಳಿಗ್ಗೆ ನಾನು ಅವರ ಮುಖ ನೋಡದೆ ಗಾಡಿಯನ್ನೇ ನೋಡುತ್ತ ಹೇಳಿದೆ. ಇನ್ನು ಮುಂದೆ ಮರ ಹತ್ತುವಂತಿಲ್ಲ, ಮೇಲಿನಿಂದ ಆರ್ಡರ್ ಬಂದಿದೆ, ನೀವು ಈ ಬುಟ್ಟಿಯಲ್ಲಿ ನಿಂತು ಕಡಿಯಬೇಕು.

ಅವರು ಕೇಳಿದರು: "ನನ್ನ ಮ್ಯಾಲ ಭರೋಸಾ ಹೋತೇನ್ರಿ ಬಾಯಾರ?"

ಹುಸೇನಬಿ ನನ್ನ ಹಿಂದೆಯೇ ನಿಂತಿದ್ದಳು. "ಹಂಗಲ್ರಿ. ಆರ್ಡರ್ ಐತಿ" ಎಂದೆ. ಸುಳ್ಳು ಹೇಳಿದ್ದಕ್ಕಿಂತ, ಅವರು ಅದನ್ನು ನಂಬಿ ತಲೆಯಾಡಿಸಿದ್ದು ಹೆಚ್ಚು ಚುಚ್ಚಿತು.

ನಿಜ ಹೇಳಬೇಕೆಂದರೆ ಬುಟ್ಟಿ ಗಾಡಿ ಒಳ್ಳೆಯ ಕೆಲಸ ಮಾಡಿತು. ನಾಲ್ಕು ದಿನದ ಕೆಲಸ ಒಂದೇ ದಿನಕ್ಕೆ. ದಾವಲಸಾಬರಿಗೆ ಎರಡೂ ಕೈ ಖಾಲಿ, ಕಾಲಿಗೆ ದಣಿವಿಲ್ಲ. ಮೊದಲ ಸಲ ಮೇಲೆ ಹೋದಾಗ ಅವರು ಕೊಡಲಿಯನ್ನೇ ಮರೆತು ನಿಂತುಬಿಟ್ಟರು. ಇಳಿದ ಮೇಲೆ, "ಇಟ್ಟ ವರ್ಷ ಗಿಡದ ಒಳಗಿಂದನ ಊರ ನೋಡೇನ್ರಿ, ತಪ್ಪಲದ ಸಂದ್ಯಾಗಿಂದ. ಇವತ್ತ ಗಿಡನ ಹೊರಗಿಂದ ನೋಡಿದೆ" ಎಂದರು. ಖುಷಿಯೋ ಬೇಸರವೋ ತಿಳಿಯಲಿಲ್ಲ. ಆದರೆ ಬುಟ್ಟಿಗೆ ಮರದ ಒಳಗೆ ಹೋಗಲು ಬರುತ್ತಿರಲಿಲ್ಲ. ಹೊರಗಿನಿಂದ ಎಟುಕಿದಷ್ಟು ಕಡಿಯಬೇಕು. ಟೊಂಗೆ ಹುಟ್ಟುವ ಸುರುಳಿಯ ತನಕ ಕೊಡಲಿ ಮುಟ್ಟುತ್ತಿರಲಿಲ್ಲ, ಮೊಳದುದ್ದ ಮೊಂಡುಗಳು ಉಳಿಯುತ್ತಿದ್ದವು. ಅವುಗಳನ್ನು ನೋಡುತ್ತ ಅವರು ನಾಲಿಗೆಯಿಂದ ಚ್ಚ್ ಎನ್ನುತ್ತಿದ್ದರು. ಹುಸೇನಬಿಗೆ ಮಾಡಲು ಏನೂ ಇರಲಿಲ್ಲ. ಆದರೂ ಹಗ್ಗದ ಸಿಂಬಿ ಹೊತ್ತು ದಿನವೂ ಬರುತ್ತಿದ್ದಳು. ಗಂಡ ಮೇಲೆ ಕಡಿಯುವಾಗ ಆಕೆಯ ಖಾಲಿ ಕೈಗಳು ತಮ್ಮಷ್ಟಕ್ಕೇ ಹಿಡಿಯುತ್ತ, ಬಿಡುತ್ತ ಇರುತ್ತಿದ್ದವು.

ಕಡೆಗೆ ಉಳಿದದ್ದು ಪಶು ದವಾಖಾನೆಯ ಅಂಗಳದ ದೊಡ್ಡ ಬೇವು. ಅದರ ಒಂದು ಒಣ ಟೊಂಗೆ ನಮ್ಮ ತಂತಿಯ ಮೇಲೂ, ಎತ್ತು ಕಟ್ಟುವ ತಗಡಿನ ಛಪ್ಪರದ ಮೇಲೂ ಚಾಚಿಕೊಂಡಿತ್ತು. ಹಿಂದಿನ ಸಂಜೆ ಒಂದು ಅಡ್ಡ ಮಳೆ ಬಂದು ಹೋಗಿತ್ತು. ಎತ್ತುಗಳನ್ನೆಲ್ಲ ಹೊರಗೆ ಹೊಡೆಸಿ, ಲೈನ್ ಬಂದ್ ಮಾಡಿಸಿ ನಿಂತರೆ, ಗಾಡಿಯ ಡ್ರೈವರ್ ಮರದ ಹತ್ತಿರ ಬರಲು ಒಪ್ಪಲಿಲ್ಲ.

"ಎರಿ ಮಣ್ಣೈತ್ರಿ ಮೇಡಮ್. ನಿನ್ನೆ ಮಳಿಗೆ ಬೆಣ್ಣಿ ಆಗೇತಿ. ಗಾಡಿ ಮಗಚತೈತಿ."

ದೂರದಿಂದಲೇ ತೋಳು ಚಾಚಿದ. ಬುಟ್ಟಿ ಟೊಂಗೆಯ ಪಕ್ಕಕ್ಕೆ ಹೋಗಿ ನಿಂತಿತು. ದಾವಲಸಾಬರು ಅಲ್ಲಿಂದ ಬಗ್ಗಿ ಎರಡೇಟು ಹಾಕಿದರು, ಸರಿ ಕೂಡಲಿಲ್ಲ. ಕೊಡಲಿಯ ಹಿಂಬದಿಯಿಂದ ಬಡಿದು ನೋಡಿದರು. ಆಮೇಲೆ ಮೇಲಿನಿಂದ ಒಂದು ಚಪ್ಪಲಿ ಬಿತ್ತು. ಹಿಂದೆಯೇ ಇನ್ನೊಂದು ಬಿತ್ತು.

ಹುಸೇನಬಿಗೆ ಅರ್ಥವಾಯಿತು, ನನಗೆ ಆಗಲಿಲ್ಲ. ಆಕೆ ಓಡಿಹೋಗಿ ಆ ಚಪ್ಪಲಿಗಳನ್ನೆತ್ತಿ ಮೂತಿ ರಸ್ತೆಗೆ ಮಾಡಿ ಇಟ್ಟಳು. ನಾನು ಮತ್ತೆ ತಲೆಯೆತ್ತುವಷ್ಟರಲ್ಲಿ ದಾವಲಸಾಬರು ಬುಟ್ಟಿಯ ಅಂಚು ದಾಟಿ ಬರಿಗಾಲಿನಲ್ಲಿ ಟೊಂಗೆಯ ಮೇಲೆ ನಿಂತಿದ್ದರು. ಸೊಂಟಕ್ಕೆ ಹಗ್ಗವಿಲ್ಲ. ಬುಟ್ಟಿಗೆ ಹಗ್ಗ ಬೇಡವೆಂದು ನಾವೇ ಬಿಡಿಸಿದ್ದೆವು. ಮೂವತ್ತು ವರ್ಷದ ರೂಢಿ, ಕೊಡಲಿ ಎಟುಕದಿದ್ದರೆ ಒಂದು ಹೆಜ್ಜೆ ಮುಂದಿಡುವುದು. ಸೊಂಟಕ್ಕೆ ಹಗ್ಗವಿದೆ ಎಂದೇ ಅವರ ಮೈ ನಂಬಿತ್ತು.

"ದಾವಲಸಾಬ್ರ!" ಎಂದು ನಾನು ಚೀರಿಬಿಟ್ಟೆ.

ಅವರು ಕೆಳಗೆ ನೋಡಿದರು. ಸೊಂಟ ಮುಟ್ಟಿಕೊಂಡರು. ಕೊಡಲಿ ಜಾರಿ ಬಿತ್ತು. ಟೊಂಗೆ ಹಿಡಿದ ಆ ಎರಡೂ ಕೈಗಳು ನಡುಗುವುದನ್ನು ಅಂಗಳದಲ್ಲಿದ್ದವರೆಲ್ಲ ನೋಡಿದರು. ಡ್ರೈವರ್ ಗಾಬರಿಯಿಂದ ತೋಳು ಅಲುಗಿಸುವ ಹಿಡಿಕೆಗೆ ಕೈ ಹಾಕಿದ, ಬಸಪ್ಪ ಅವನ ರಟ್ಟೆ ಹಿಡಿದುಕೊಂಡ.

ಹುಸೇನಬಿ ಕೂಗಲಿಲ್ಲ. ನೆಲದಿಂದ ಒಂದು ಕಲ್ಲೆತ್ತಿಕೊಂಡು ಮರದ ಬುಡಕ್ಕೆ ಹೋಗಿ ಕಾಂಡದ ಮೇಲೆ ಒಮ್ಮೆ ಬಡಿದಳು. ಠಕ್. ನಿಲ್ಲು.

ಮೇಲೆ ಅವರು ಅಲುಗಾಡುವುದನ್ನು ನಿಲ್ಲಿಸಿದರು. ಮೆಲ್ಲಗೆ ಕುಸಿದು ಟೊಂಗೆಯನ್ನು ತೊಡೆಗಳಲ್ಲಿ ಅವುಚಿ ಕೂತರು. ಹಣೆಯನ್ನು ತೊಗಟೆಗೆ ಆನಿಸಿದರು. ಎಷ್ಟೋ ಹೊತ್ತು ಹಾಗೇ. ಆಕೆ ಕಾದಳು. ಆಮೇಲೆ ಮೂರು ಸಲ ಬಡಿದಳು. ಇಳಿದು ಬಾ. ಅವರು ಕೈ ಚಾಚಿ ಬುಟ್ಟಿಯ ಅಂಚು ಹಿಡಿದು, ಹೊಟ್ಟೆಯ ಮೇಲೆ ತೆವಳುತ್ತ ಒಳಗೆ ಬಿದ್ದರು.

ಕೆಳಗೆ ಬಂದವರೇ ಚಪ್ಪಲಿ ಮೆಟ್ಟಿ ನೆಟ್ಟಗೆ ನನ್ನ ಮುಂದೆ ನಿಂತರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಗಿಡದ ಮ್ಯಾಲಿದ್ದಾಂವನ ಹೆಸರ ಹಿಡಿಬಾರದಂತ ನಿಮಗ ಹೇಳಿದ್ನೋ ಇಲ್ಲೋ? ನೀವ ಒದರಿದ್ದಕ್ಕ ನನ್ನ ಕೈ ನಡಗಿದ್ವು. ಮೂವತ್ತ ವರ್ಷ ನಡಗದ ಕೈ! ನಿಮ್ಮ ಗಾಡಿನೂ ಬ್ಯಾಡ, ನಿಮ್ಮ ಕೆಲಸನೂ ಬ್ಯಾಡ. ಇನ್ನ ನಾ ಗಿಡಾನ ಹತ್ತೂದಿಲ್ಲ."

ಅವರ ಹೆಗಲ ಹಿಂದಿನಿಂದ ಹುಸೇನಬಿ ನನ್ನನ್ನೇ ನೋಡುತ್ತಿದ್ದಳು.

"ಹೌದ್ರಿ. ನಂದ ತಪ್ಪಾತ್ರಿ" ಎಂದೆ.

ಅವರು ಹೋದರು. ಆಕೆ ಹಗ್ಗದ ಸಿಂಬಿ ಹೊತ್ತು ಹಿಂದೆ ಹೋದಳು. ಆ ಬೇವಿನ ಟೊಂಗೆಗಳನ್ನು ಬಸಪ್ಪನೇ ಬುಟ್ಟಿಯಲ್ಲಿ ನಿಂತು ಎಟುಕಿದಷ್ಟು ಕಡಿದ. ಆ ವರ್ಷದ ಮುಂಗಾರು ಚೆನ್ನಾಗಿ ಆಯಿತು, ತಂತಿ ಎಲ್ಲೂ ಹರಿಯಲಿಲ್ಲ, ನನಗೆ ಶಭಾಷ್‌ಗಿರಿ ಸಿಕ್ಕಿತು. ಆದರೆ ಸಂತೆಯಲ್ಲಿ ಎದುರಾದಾಗಲೆಲ್ಲ ದಾವಲಸಾಬರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಮೊದಲ ಸಲ ಹಾಗಾದಾಗ ಖೋಲಿಗೆ ಬಂದು ಅತ್ತಿದ್ದೇನೆ. ರಂಜಾನ್ ಹಬ್ಬಕ್ಕೆ ಬಸಪ್ಪ ಒಂದು ಡಬ್ಬಿ ಶಾವಿಗೆಯ ಸುರಕುಂಬಾ ತಂದು ಮೇಜಿನ ಮೇಲಿಟ್ಟು, "ಯಾರ ಕೊಟ್ರಂತ ಹೇಳಬ್ಯಾಡ ಅಂದಾರ್ರಿ" ಎಂದ. ಮರುವರ್ಷ ಬೈಲಹೊಂಗಲಕ್ಕೆ ವರ್ಗವಾಯಿತು. ಮುಂದೆ ಎಲ್ಲಿಗೆ ಹೋದರೂ ಬುಟ್ಟಿ ಗಾಡಿಯಿಲ್ಲದೆ ಯಾರನ್ನೂ ಮರಕ್ಕೆ ಹತ್ತಿಸಿಲ್ಲ. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೂ ಒಳಗೆಲ್ಲೋ ಆ ಹಗ್ಗದ ಬಿಗಿತಕ್ಕೆ ಜೀವ ಹಪಹಪಿಸುತ್ತಿತ್ತು.

ಹೋದ ಬೇಸಿಗೆ ಬಸ್ಸು ಬಿಟ್ಟು ಇಳಿದವಳು ನೆಟ್ಟಗೆ ಪಶು ದವಾಖಾನೆಗೆ ಹೋದೆ. ಬೇವು ಇನ್ನೂ ಇತ್ತು. ಬುಟ್ಟಿಯಿಂದ ಕಡಿದ ಮೊಂಡುಗಳು ಕೊಳೆತು ಪೊಟರೆಗಳಾಗಿದ್ದವು, ಗಿಳಿಗಳು ಸಂಸಾರ ಹೂಡಿದ್ದವು. ಅದರ ಹಿಂದಿನ ವರ್ಷಗಳಲ್ಲಿ ದಾವಲಸಾಬರು ಹತ್ತಿ ಕಡಿದ ಜಾಗಗಳಲ್ಲಿ ತೊಗಟೆ ಸುತ್ತಲಿಂದ ಬೆಳೆದು ಬಂದು, ಗಾಯ ಮುಚ್ಚಿ, ಬರೀ ಒಂದು ಗುಂಡು ಗುರುತು ಉಳಿದಿತ್ತು.

ಎದುರಿನ ಗೋಡೆಯ ನೆರಳಿನಲ್ಲಿ ಯಾರೋ ಹೊರಸು, ಎಂದರೆ ಹಗ್ಗದ ಮಂಚ, ಹೆಣೆಯುತ್ತ ಕೂತಿದ್ದರು. ಹತ್ತಿರ ಹೋಗುವವರೆಗೆ ಗುರುತು ಸಿಗಲಿಲ್ಲ. ಅವರಿಗೇ ಮೊದಲು ಸಿಕ್ಕಿತು.

"ಬಾಯಾರ? ಬರ್ರಿ, ಕುಂದರ್ರಿ."

ಮುಖ ತಿರುಗಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತೆ. ಹುಸೇನಬಿ ಹೇಗಿದ್ದಾರೆಂದು ಕೇಳಿದೆ.

"ಹೋದ್ಲ್ರಿ. ಎರಡ ವರ್ಷಾತು. ಲಕ್ವಾ ಹೊಡದ ಬಾಯಿ ಬಿದ್ದಿತ್ತು, ಮಾತಿರಲಿಲ್ಲ. ಆಕಿ ಹೊರಸಿನಿಂದ ನಾ ಕುಂದ್ರೂ ಜಾಗಾಕ್ಕ ಹಗ್ಗ ಕಟ್ಟಿದ್ನಿ. ಮ್ಯಾಲಿದ್ದಾಗ ಜಗ್ಗತಿದ್ವಲ್ಲ, ಅದ ಹಗ್ಗ. ಒಂದ ಸಲ ಜಗ್ಗಿದ್ರ ನೀರ, ಎರಡ ಸಲ ಜಗ್ಗಿದ್ರ ಮಗ್ಗಲ ಹೊರಳಸೂದು, ಮೂರ ಸಲ ಜಗ್ಗಿದ್ರ ಬಾ. ಕಡೀಕ ಕಡೀಕ ಬರೇ ಮೂರ ಸಲಾನ ಜಗ್ಗತಿದ್ಲ್ರಿ."

ನಾನು ಬಿಕ್ಕಿದೆ. ಅವರು ನಾನು ಸುಧಾರಿಸಿಕೊಳ್ಳುವ ತನಕ ಹೆಣಿಗೆ ನಿಲ್ಲಿಸಿ ಕೂತರು. ಆಮೇಲೆ ಮೆಲ್ಲಗೆ ಹೇಳಿದರು:

"ಗಾಡಿ ತರಸ್ರಿ ಅಂತ ಆಕಿನ ನಿಮಗ ಹೇಳಿದ್ಲು. ನನಗ ಅವಾಗನ ಗೊತ್ತಿತ್ತು."

"ಯಾರ ಹೇಳಿದ್ರು?" ಎಂದೆ ಬೆಚ್ಚಿಬಿದ್ದು.

"ಹಗ್ಗ ಆಕಿ ಜೋಡಿ ಅಟ್ಟ ಮಾತಾಡತಿತ್ತೇನ್ರಿ? ಮೊದಲ ಒಂದ ಕೈಲೆ ಹಿಡಿತಿದ್ಲು, ಸಡ್ಲ ಇರತಿತ್ತು. ಆ ವರ್ಷ ಎರಡೂ ಕೈಲೆ ಹಿಡಿಯಾಕ ಹತ್ತಿದ್ಲು. ಮ್ಯಾಲ ನನಗ ಸೊಂಟ ಬಿಗಿಯೂದು. ಓಹೋ, ಈಕಿಗೆ ತಿಳದೈತಿ ಅಂತ ಅವತ್ತ ಗೊತ್ತಾತು. ಹೆಂಗ ಕೇಳ್ಲಿ? ನನಗ ಗೊತ್ತೈತಿ ಅಂತ ಆಕಿಗೆ ಗೊತ್ತಾದ್ರ ಆಕಿ ಜೀವಾ ಎಷ್ಟ ಸಣ್ಣ ಮಾಡ್ಕೋತಿದ್ಲು."

"ಮತ್ತ ಅವತ್ತ ನನ್ನ ಮ್ಯಾಲ ಯಾಕ ಅಷ್ಟ ಸಿಟ್ಟಾದ್ರಿ?"

"ಆಕಿ ಹಿಂದನ ನಿಂತಿದ್ಲಲ್ರಿ. ನಾ ಸಿಟ್ಟ ಮಾಡಲಿಲ್ಲಂದ್ರ ಆಕಿಗೆ ಎಲ್ಲಾ ತಿಳದಬಿಡತಿತ್ತು. ನಿಮ್ಮನ್ನ ಬಿಟ್ರ ನಾ ಯಾರಿಗೆ ಬೈಲಿ? ನಮ್ಮವ್ರ ಅಂತ ನಿಮಗ ಬೈದ್ನಿ. ಸಂತ್ಯಾಗ ನೀವು ಬಂದಾಗ ಮಕ ತಿರುವೂದು ಭಾಳ ಕಷ್ಟ ಆಗತಿತ್ರಿ ನನಗ. ಮಾಫ್ ಮಾಡ್ರಿ."

ಹನ್ನೆರಡು ವರ್ಷ ನಾನು ಗಾಜು ಮುಚ್ಚಿ ಕೂತಿದ್ದೆ. ಹುಸೇನಬಿ ಇದ್ದಾಗ ಒಮ್ಮೆ ಇಳಿದಿದ್ದರೆ ಆಗುತ್ತಿತ್ತು. ಇಳಿಯಲಿಲ್ಲ. ಆ ಸಂಕಟಕ್ಕೆ ಈಗ ಯಾರ ಹತ್ತಿರ ಮಾಫಿ ಕೇಳಲಿ?

ರಾಮದುರ್ಗದ ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರು ಹೊರಸಿನ ಕಡೆ ತಿರುಗಿದರು. ಹೆಣೆಯುವಾಗ ಹಗ್ಗ ಸಡಿಲಾಗದಂತೆ ಆ ಕಡೆ ಯಾರಾದರೂ ಹಿಡಿದರೆ ಕೆಲಸ ಹಗುರ.

"ತುಸು ಹಿಡಿತೀರೇನ್ರಿ ಬಾಯಾರ?"

ಹಗ್ಗದ ತುದಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ. ಅವರು ಆ ಕಡೆಯಿಂದ ಜಗ್ಗಿದರು. ಹಗ್ಗದ ಉದ್ದಕ್ಕೂ ಅವರ ಕೈಯ ನಡುಕ ಹರಿದು ಬಂದು ನನ್ನ ಅಂಗೈ ಮುಟ್ಟಿತು. ಹುಸೇನಬಿಗೆ ಮೂವತ್ತು ವರ್ಷದ ಕೊನೆಗೆ ಬಂದದ್ದು ಇದೇ. ನಾನು ಬೇವಿನ ಕಡೆ ನೋಡುವವಳ ಹಾಗೆ ಎಡಗೈ ಬಿಡಿಸಿ ಹುಬ್ಬಿನ ಮೇಲಿಟ್ಟುಕೊಂಡು, ಹಗ್ಗವನ್ನು ಒಂದೇ ಕೈಯಲ್ಲಿ ಸಡಿಲಾಗಿ ಹಿಡಿದು ಕೂತೆ.